ಐದು ಟೈಲ್ಸಿಗೆ ಕೆಂಪು ಬೊಟ್ಟು

ನನ್ನ ಹಸು ಲಚ್ಚಿಯ ಎರಡೂ ಕೊಂಬಿನಾಣೆ ಹೇಳ್ತೀನಿ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಸುಳ್ಳು ಹೇಳಿದ್ರೆ ನಾಳೆಯಿಂದ ಅವಳು ಹಾಲಿನ ಬದಲು ನೀರು ಕೊಡ್ಲಿ. ಈಗ್ಲೇ ನೀರೇ ಕೊಡ್ತಾಳೆ ಅಂತ ನಮ್ಮ ಬೀದಿ ಗಿರಾಕಿಗಳು ಅಂತಾರೆ, ಅದು ಬೇರೆ ವಿಷಯ.

ಶ್ರಾವಣದ ಮೊದಲನೇ ಮುಹೂರ್ತ. ಬೆಳಗಿನ ಜಾವ ನಾಲ್ಕು ಗಂಟೆ. ವಿಜಯನಗರದ ಪಕ್ಕ ಆರ್‌ಪಿಸಿ ಲೇಔಟ್‌ನಲ್ಲಿ ಯಶೋದಮ್ಮನೋರ ಹೊಸ ಮನೆ ಗೃಹಪ್ರವೇಶ. ಇಪ್ಪತ್ತು ಮೂವತ್ತರ ಸೈಟು, ಬಾಗಿಲಿಗೆ ಮಾವಿನ ತೋರಣ, ಗೋಡೆಗೆಲ್ಲ ಇನ್ನೂ ಪೇಂಟ್ ವಾಸನೆ. ನಾನು ಗೇಟ್ ಹತ್ರ ಲಚ್ಚಿ ಹಗ್ಗ ಹಿಡ್ಕೊಂಡು ನಿಂತಿದೀನಿ. ನನ್ನ ಕಸುಬೇ ಅದು. ಉಲ್ಲಾಳದಿಂದ ಹಸು ಕರು ಲಗೇಜ್ ಆಟೋದಲ್ಲಿ ತಂದು, ಹೊಸ ಮನೆಯೊಳಗೆ ಮೊದಲನೇ ಹೆಜ್ಜೆ ಇಡಿಸೋದು.

ಬಂದೋರೆಲ್ಲ ಮೇಲೆ ನೋಡ್ತಾ ಇದಾರೆ, ಸೀಲಿಂಗ್ ಡಿಸೈನು. ಒಬ್ಬಳು ಮಾತ್ರ ಕೆಳಗೆ ನೆಲ ನೋಡ್ತಾ ಇದಾಳೆ. ಇಳಕಲ್ ಸೀರೆ, ಅದರ ಮೇಲೆ ಗಂಡನ ಹಳೇ ಡೆಲಿವರಿ ಜಾಕೆಟ್ಟು, ಕೊರಳಲ್ಲಿ ಕ್ಯಾಮೆರಾ. ಅವಳೇ ನಮ್ಮ ಗುರುದೇವಕ್ಕ, ನಲವತ್ಮೂರು ವರ್ಷ, ಗೃಹಪ್ರವೇಶದ ಫೋಟೋ ತೆಗೆಯೋಳು. ಕೂತು ನೆಲ ಸವರಿ ನೋಡಿ, ಎದ್ದು ಗೇಟ್ ಹತ್ರ ಓಡಿ ಬರ್ತಾಳೆ. ಮುಖ ಬಿಳಿಚ್ಕೊಂಡಿದೆ.

"ಏ ತಮ್ಮಾ ಮಹದೇವಾ, ಈ ಮನಿಯಾಗ ಟೈಲ್ಸ ಇಲ್ಲೋ! ಎಲ್ಲಾ ಕರೀ ಗ್ರಾನೈಟ್ ಹಾಕ್ಯಾರ. ಜಾಯಿಂಟ ಕಾಣಸವಲ್ದು!"

ನಾನೂ ಗೇಟಿಂದ್ಲೇ ಇಣುಕಿ ನೋಡಿದೆ, ಹೌದು. ಟೈಲ್ಸ್ ಇಲ್ದಿದ್ರೆ ಫೋಟೋದೋಳಿಗೆ ಏನಾಗ್ಬೇಕು ಅಂತ ನೀವು ಕೇಳ್ತೀರಾ. ಅದಕ್ಕೆ ಎರಡು ತಿಂಗಳು ಹಿಂದಕ್ಕೆ ಹೋಗ್ಬೇಕು, ಬನ್ನಿ.

ಗುರುದೇವಕ್ಕ ಎಂಟು ವರ್ಷದ ಹಿಂದೆ ಇಳಕಲ್ ಕಡೆಯಿಂದ ಗಂಡ ದುಂಡೇಶನ ಜೊತೆ ಬಂದೋಳು. ರಾಜಾಜಿನಗರದ ಒಂದು ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಟೇಬಲ್ ಕೆಲಸ. ದಿನಕ್ಕೆ ಎಂಟ್ನೂರು ಅಂಗಿ ಕಣ್ಣ ಮುಂದೆ ಹಾಯ್ಬೇಕು. ಒಂದು ಹೊಲಿಗೆ ಆಚೆ ಹೋದ್ರೆ ಹಿಡಿದು ಪಕ್ಕಕ್ಕೆ ಹಾಕ್ಬೇಕು. "ಒಂಬತ್ತ ತಾಸು ನಿಂತ ಕಾಲಾಗ, ಕಾಲ ಬಾತು ಕಂಬ ಆಗತಿದ್ವು ನೋಡು," ಅಂತಾಳೆ ಅಕ್ಕ. ಅವಳ ಕಣ್ಣು ಎಷ್ಟು ಚುರುಕು ಅಂದ್ರೆ, ನಾನು ಬೀದಿ ಕೊನೇಲಿ ಬರ್ತಿರೋವಾಗ್ಲೇ ನನ್ನ ಅಂಗಿ ಗುಂಡಿ ಸಡ್ಲ ಆಗಿರೋದನ್ನ ಕೂಗಿ ಹೇಳ್ತಾಳೆ. ಒಂದಿನ ಲಚ್ಚಿ ಬೆನ್ನ ಮೇಲಿನ ಮಚ್ಚೆ ಒಂದು ಅಂಗುಲ ಎಡಕ್ಕೆ ಸರಿದಿದೆ ಅಂದ್ಲು. ಅಳೆದು ನೋಡಿದ್ರೆ ಹೌದು!

ಫ್ಯಾಕ್ಟ್ರಿಯೋರು ಒಂದಿನ ಮಿಷನ್ನೆಲ್ಲ ಲಾರಿಗೆ ತುಂಬ್ಕೊಂಡು ಊರಾಚೆ ಹೋಗಿಬಿಟ್ರು. ಅಕ್ಕ ಮನೇಲಿ ಕೂತ್ಲು. ಅದೇ ಟೈಮಿಗೆ ನಮ್ಮ ಉಲ್ಲಾಳದ ಹತ್ರ ಯೂನಿವರ್ಸಿಟೀಲಿ ಓದು ಮುಗಿಸಿ ಊರಿಗೆ ಹೊರಟ ಹುಡುಗಿ ಒಬ್ಬಳು ರೂಮ್ ಖಾಲಿ ಮಾಡ್ತಾ, ಬಕೆಟ್ಟು, ಚಾಪೆ, ಒಂದು ಹಳೇ ಕ್ಯಾಮೆರಾ ಮೂರನ್ನೂ ಮಾರಕ್ಕೆ ಇಟ್ಟಿದ್ಲು. ಅಕ್ಕ ಬಕೆಟ್ ತರೋಕೆ ಹೋಗಿ ಕ್ಯಾಮೆರಾ ತಂದ್ಲು. ಕಲಿಯೋರಿಗೆ ಅಂತ ಮಾಡಿರೋ ಸಣ್ಣ ಕ್ಯಾಮೆರಾ ಅದು, ಡಬ್ಬೀಲೇ ಬಂದ ಒಂದು ಲೆನ್ಸು ಜೊತೆಗೆ.

ಸಣ್ಣ ಮನೆಗಳ ಗೃಹಪ್ರವೇಶಕ್ಕೆ ನಾಲ್ಕು ಗಂಟೆಗೆ ಎದ್ದು ಬರೋಕೆ ದೊಡ್ಡ ಸ್ಟುಡಿಯೋದೋರು ಒಪ್ಪಲ್ಲ. ಆ ಕೆಲಸ ಅಕ್ಕನಿಗೆ ಸಿಕ್ತು. ಏಳೋದು ಎರಡೂ ಮುಕ್ಕಾಲಿಗೆ. ದುಂಡೇಶ ಗಾಡೀಲಿ ಬಿಟ್ಟು ಹೋಗ್ತಾನೆ. ಒಂದು ಮನೇಲಿ ಮುನ್ನೂರು ನಾನೂರು ಸಲ ಕ್ಲಿಕ್, ಅದರಲ್ಲಿ ಆರಿಸಿ ಕೊಡೋದು ಎಂಬತ್ತು. ಮುಹೂರ್ತ ಇರೋ ತಿಂಗಳಲ್ಲಿ ಹನ್ನೊಂದೋ ಹನ್ನೆರಡೋ ಮನೆ. ಎಲ್ಲಾ ಮನೇನೂ ಕೊಡ್ಸೋದು ಒಬ್ರೇ, ಸಿದ್ದಲಿಂಗೇಶ್ ಸ್ವಾಮ್ಗಳು. ಪೂಜೆ ಮಾಡ್ಸೋ ಅಯ್ನೋರು. ಅವರ ಪಂಚಾಂಗದ ಕೊನೇ ಪುಟದಲ್ಲಿ ಒಂದು ಪಟ್ಟಿ ಇದೆ. ಹೂವಿನೋರು, ಅಡಿಗೆಯೋರು, ಶಾಮಿಯಾನದೋರು, ಹಸು ಮಹದೇವ, ಫೋಟೋ ಗುರುದೇವಿ. ಆ ಪುಟದಲ್ಲಿ ನಂಬರ್ ಇದ್ರೆ ಅನ್ನ ಇದೆ ಅಂತ ಅರ್ಥ.

ಈಗ ಆ ಕೆಟ್ಟ ದಿನ ಹೇಳ್ತೀನಿ. ಜ್ಯೇಷ್ಠ ಮಾಸ, ಕೆಂಗೇರಿ ಕಡೆ ಒಂದು ಮನೆ. ಲಚ್ಚಿ ಹೊಸಲಿನ ಮೇಲೆ ಬಲಗಾಲು ಎತ್ತಿದಾಳೆ, ಇನ್ನೂ ಇಟ್ಟಿಲ್ಲ. ಆ ಮನೆಗೆ ಇನ್ನೂ ಕರೆಂಟಿಲ್ಲ, ಒಳಗೆ ಕತ್ತಲೆ, ಹೋಮದ ಹೊಗೆ. ಅಕ್ಕ ಮೊದಲನೇ ಸಲ ಫ್ಲ್ಯಾಶ್ ಹೊಡೆದ್ಲು. ಪಳಾರ್! ಲಚ್ಚಿ ಅಂಥ ಮಿಂಚು ಜೀವಮಾನದಲ್ಲಿ ನೋಡಿಲ್ಲ. ತೋರಣ ಕೊಂಬಿಗೆ ಸಿಕ್ಕಿಸ್ಕೊಂಡು, ಹಿಂದಕ್ಕೆ ತಿರುಗಿ, ಓಟ ಕಿತ್ಲು. ಹಗ್ಗದ ಜೊತೆ ನಾನು. ಮೈಸೂರು ರೋಡಲ್ಲಿ ನಮ್ಮನ್ನ ಎರಡು ಬಸ್ಸು ಹಿಂದೆ ಹಾಕೋಕೆ ನೋಡಿ ಆಗದೆ ಸುಮ್ಮನಾದ್ವು. ಕೊನೆಗೆ ಅವಳು ನಿಂತಿದ್ದು ಎಲ್ಲಿ ಅಂತೀರಾ? ಮೆಟ್ರೋ ಸ್ಟೇಷನ್ ಬಾಗಿಲಲ್ಲಿ. ಕೊರಳಿನ ಹಿತ್ತಾಳೆ ಗಂಟೆಗೆ ಚೆಕಿಂಗ್ ಮಿಷನ್ ಕುಯ್ ಅಂತು. ಸೆಕ್ಯೂರಿಟಿಯೋನು ನಿದ್ದೆಗಣ್ಣಲ್ಲಿ, "ಮೇಡಂ, ಗಂಟೆ ತೆಗೆದು ಟ್ರೇಲಿಡಿ" ಅಂದ. ಆಣೆ ಇಟ್ಟಿದೀನಲ್ಲ, ನಂಬಿ.

ವಾಪಸ್ ಬರೋದ್ರೊಳಗೆ ಮುಹೂರ್ತ ಮೀರಿತ್ತು. ಫೋಟೋ ನೋಡಿದ್ರೆ ಏನೂ ಇಲ್ಲ, ಹೊಗೆ ಮೇಲೆ ಫ್ಲ್ಯಾಶ್ ಬಿದ್ದು ಬರೀ ಬೆಳ್ಳಗೆ, ಮೊಸರು ಚೆಲ್ಲಿದಂಗೆ. ಅಯ್ನೋರು ಪಂಚಾಂಗ ತೆಗೆದು, ಕೊನೇ ಪುಟದಲ್ಲಿ ಅಕ್ಕನ ನಂಬರ್ ಮೇಲೆ ಕೆಂಪು ಪೆನ್ನಲ್ಲಿ ಗೀಟು ಎಳೆದ್ರು. ಎರಡು ಸಲ.

ಆಮೇಲೆ ಆಷಾಢ ಬಂತು. ಒಂದು ಶುಭಕಾರ್ಯ ಇಲ್ಲ, ನನಗೂ ಲಚ್ಚಿಗೂ ರಜೆ. ಅಕ್ಕ ಮಾತ್ರ ಬೆಳಗ್ಗೆನೇ ನಮ್ಮ ಕೊಟ್ಟಿಗೆ ಮುಂದೆ ಬಂದು ನಿಂತ್ಲು. "ತಮ್ಮಾ, ಮಿಂಚ ಬ್ಯಾಡ. ದೀಪದ ಬೆಳಕಿನಾಗ ಫೋಟೋ ಬರೂ ಹಂಗ ಒಂದ್ ಲೆನ್ಸ ಇರತೈತಂತ. ಆಷಾಢ ಮುಗಿಯೂದ್ರಾಗ ಅದನ್ನ ಹುಡುಕೂನು."

ಹೊರಟ್ವಿ. ರಾಜಾಜಿನಗರದಲ್ಲಿ ಒಂದು ಮಹಡಿ ಮೆಟ್ಟಿಲ ಕೆಳಗೆ ಮುನಿರಾಮಯ್ಯನ ಅಂಗಡಿ. ಹಳೇ ಕ್ಯಾಮೆರಾ ರಿಪೇರಿ, ಹಳೇ ಲೆನ್ಸ್ ಮಾರಾಟ. ಎಷ್ಟು ಚಿಕ್ಕದು ಅಂದ್ರೆ, ಗಿರಾಕಿ ಉಸಿರು ಎಳ್ಕೊಂಡ್ರೆ ಮುನಿರಾಮಯ್ಯ ಉಸಿರು ಬಿಡ್ಬೇಕು, ಇಲ್ದಿದ್ರೆ ಇಬ್ರೂ ಹಿಡಿಸಲ್ಲ. ಅಕ್ಕನ ಕ್ಯಾಮೆರಾ ತಿರುಗಿಸಿ ನೋಡಿ ಮುದುಕ ನಕ್ಕ.

"ಏನಮ್ಮಾ, ಡಬ್ಬಿ ಜೊತೆ ಬಂದ ಲೆನ್ಸಲ್ಲಿ ಕತ್ತಲೆ ಹಿಡಿಯಕ್ಕೆ ಹೋಗಿದೀಯಾ? ಇಲ್ನೋಡು, ಮೂರೂವರೆ ಅಂತ ಬರೆದವ್ರೆ. ಈ ನಂಬರ್ ಚಿಕ್ಕದಾದಷ್ಟೂ ಲೆನ್ಸ್ ಬಾಯಿ ದೊಡ್ಡದು. ಎರಡು ಅಂತ ಇರೋದು ತಗಂಡ್ರೆ ಇದರ ಮೂರರಷ್ಟು ಬೆಳಕು ಕುಡಿಯುತ್ತೆ."

"ಕ್ಯಾಮೆರಾದಾಗ ಬೆಳಕ ಹೆಚ್ಚು ಮಾಡೂ ಐಎಸ್ಓ ಏರ್ಸಿದ್ರ ನಡಿಯಾಂಗಿಲ್ಲೇನ್ರಿ?"

"ಏರ್ಸು. ಜಾಸ್ತಿ ಏರ್ಸಿದ್ರೆ ಮುಖದ ಮೇಲೆಲ್ಲ ರಾಗಿ ಚೆಲ್ಲಿದಂಗೆ ಬರುತ್ತೆ. ನಿನ್ನ ಕ್ಯಾಮೆರಾ ಸಣ್ಣದು ಕಣಮ್ಮ, ಅದರ ಮೇಲೆ ಅಷ್ಟು ಭಾರ ಹೇರ್ಬೇಡ. ಲೆನ್ಸ್ ಬದಲಾಯ್ಸು."

ಎಲ್ಲಕ್ಕಿಂತ ಕಮ್ಮಿ ಬೆಲೆಗೆ ಸಿಗೋದು ಐವತ್ತು ಎಂಎಂ, ಅಂದ್ರೆ ಐವತ್ತರ ಲೆನ್ಸಂತೆ. ಬಾಯಿ ಅದಕ್ಕೂ ದೊಡ್ಡದು, ಒಂದು ಪಾಯಿಂಟ್ ಎಂಟು. ಮೊಬೈಲಲ್ಲಿ ಯಾರನ್ನ ಕೇಳಿದ್ರೂ ಅದನ್ನೇ ತಗೋ ಅಂತಾರೆ. ಮುನಿರಾಮಯ್ಯ ಒಂದಿನ ನೋಡಿ ತಗೊಂಬಾ ಅಂತ ಕೊಟ್ಟ. ಮಾರನೇ ದಿನ ಬೆಳಗಿನ ಜಾವ ನಮ್ಮ ಮನೇಲೇ ಟ್ರಯಲ್. ನಾನು ಲಚ್ಚೀನ ಬಾಗಿಲಿಗೆ ತಂದೆ. ಅಕ್ಕ ಹಾಲ್‌ನಲ್ಲಿ ನಿಂತು ನೋಡಿದ್ರೆ, ಲಚ್ಚಿ ಮೂಗು ಮಾತ್ರ ಕಾಣುತ್ತೆ. ಹಸು ಎಲ್ಲಿ? "ಹಿಂದ ಸರೀತೀನಿ ತಡಿ" ಅಂದ್ಲು. ಗೋಡೆ ಅಡ್ಡ ಬಂತು. ಸರಿ, ಲಚ್ಚೀನ ಒಳಗೆ ನಿಲ್ಸಿ, ಅಕ್ಕ ಹೊರಗೆ. ಗೇಟು ದಾಟಿದ್ಲು, ರೋಡು ದಾಟಿದ್ಲು, ಕ್ಯಾಮೆರಾ ಕಣ್ಣಿಂದ ತೆಗೀದೇ ಎದುರು ಮನೆಯೋರ ಹಾಲಿಗೆ ಹೋಗಿ ಸೋಫಾ ಮೇಲೆ ಕೂತ್ಲು. ಆ ಮನೆಯೋರು ನೆಂಟರು ಬಂದವ್ರೆ ಅಂತ ಕಾಫಿ ಕೊಟ್ರು. ಅಲ್ಲಿಂದ ಕೂಗ್ತಾಳೆ, "ಈಗ ಬಾಲ ಬಂತೋ ತಮ್ಮಾ!"

ವಾಪಸ್ ಕೊಟ್ಟಾಗ ಮುನಿರಾಮಯ್ಯ ತಲೆ ಚಚ್ಕೊಂಡ. "ನಿನ್ನಂಥ ಸಣ್ಣ ಕ್ಯಾಮೆರಾಕ್ಕೆ ಹಾಕಿದ್ರೆ ಐವತ್ತರದು ಎಲ್ಲಾನೂ ಹತ್ರ ಎಳೀತದೆ. ಪಾರ್ಕಲ್ಲಿ, ಛತ್ರದಲ್ಲಿ ಚಿನ್ನ ಅದು. ಹತ್ತಡಿ ರೂಮಿಗಲ್ಲ. ಮೊದ್ಲೇ ಹೇಳ್ಬಾರ್ದಿತ್ತಾ, ಹಸು ಹಾಲ್‌ಗೆ ಬರುತ್ತೆ ಅಂತ! ನಿನಗೆ ಮೂವತ್ತೈದರದು ಬೇಕು."

ಹೊಸ ಮೂವತ್ತೈದರದು ಅಕ್ಕನ ಕೈಗೆ ಎಟುಕಲ್ಲ. ಮುದುಕ ಡ್ರಾಯರ್ ತಳದಿಂದ ಒಂದು ಹಳೇದು ತೆಗೆದ. ಮೈಯೆಲ್ಲ ತರಚಿದೆ, ಗಾಜು ಮಾತ್ರ ಲಚ್ಚಿ ಕಣ್ಣಿನಂಗೆ ಫಳಫಳ. ಬಾಯಿ ಎರಡು. ಬೆಲೆ ಐವತ್ತರದಕ್ಕಿಂತ ಕಮ್ಮಿ!

"ಇಷ್ಟ ಕಮ್ಮಿ ಯಾಕ್ರೀ? ಏನ್ ಕುಂದೈತಿ ಇದರಾಗ?" ಅಂದ್ಲು ಅಕ್ಕ. ಚೆಕಿಂಗ್ ಟೇಬಲ್‌ನೋಳಲ್ವಾ.

"ಕುಂದಲ್ಲ. ಫೋಕಸ್ ತಿರುಗಿಸೋ ಮೋಟ್ರು ಈ ಲೆನ್ಸ್ ಹೊಟ್ಟೇಲಿಲ್ಲ. ಹಿಂದೆ ಆ ಮೋಟ್ರು ದೊಡ್ಡ ಕ್ಯಾಮೆರಾ ಒಳಗೆ ಇರ್ತಿತ್ತು. ನಿನ್ನ ಸಣ್ಣ ಕ್ಯಾಮೆರಾ ಒಳಗೆ ಅದೂ ಇಲ್ಲ. ಕೂರೋದೇನೋ ಕೂರುತ್ತೆ, ಆದ್ರೆ ಫೋಕಸ್ ನೀನೇ ಕೈಯಲ್ಲಿ ತಿರುಗಿಸ್ಬೇಕು. ಎರಡಕ್ಕೆ ತೆಗೆದಾಗ ಅರ್ಧ ಗೇಣು ಆಚೀಚೆ ಆದ್ರೆ ಮುಖ ಮಸುಕು. ಈಗಿನ ಹುಡುಗ್ರು ಇದನ್ನ ಮುಟ್ಟಲ್ಲ."

ಅಕ್ಕ ಲೆನ್ಸ್ ಸುತ್ತ ಇರೋ ಫೋಕಸ್ ಬಳೆ ತಿರುಗಿಸಿ ನೋಡಿದ್ಲು. ಎಂಟ್ನೂರು ಅಂಗಿ ಸವರಿದ ಬೆರಳು. "ಕಟ್ಟಿ ಕೊಡ್ರಿ," ಅಂದ್ಲು.

ಇಲ್ಲಿಂದ ಮಜಾ ಶುರು! ಕತ್ತಲೇಲಿ ಕಣ್ಣಿಟ್ಟು ಫೋಕಸ್ ಮಾಡ್ತಾ ಕೂತ್ರೆ ಹಸು ಅಡಿಗೆಮನೆ ದಾಟಿರುತ್ತೆ. ಅಕ್ಕ ಏನ್ ಮಾಡಿದ್ಲು ಗೊತ್ತಾ? ನಮ್ಮ ಏರಿಯಾ ಹೊಸ ಮನೆಗಳಿಗೆಲ್ಲ ಎರಡಡಿ ಎರಡಡಿ ಟೈಲ್ಸ್. ಅದೇ ಅಳತೆಪಟ್ಟಿ! ಹೊಸಲಿನಿಂದ ಟೈಲ್ಸ್ ಎಣಿಸಿ ಐದಕ್ಕೆ ನಿಂತ್ಲು. ಒಂದು ಸಲ ಫೋಕಸ್ ಸರಿಯಾಗಿ ಹಿಡಿದು, ಬಳೆ ಮೇಲೆ ಹೆಬ್ಬೆರಳಿರೋ ಜಾಗಕ್ಕೆ ಹಣೆ ಮೇಲಿನ ಸ್ಟಿಕ್ಕರ್ ಬೊಟ್ಟು ಕಿತ್ತು ಅಂಟಿಸಿದ್ಲು, ಕೆಂಪು. ಮೂರು ಟೈಲ್ಸಿಗೆ ಹಸಿರು ಬೊಟ್ಟು. ಐದಕ್ಕೆ ನಿಂತ್ರೆ ಇಡೀ ಬಾಗಿಲು ಹಸು ಸಮೇತ, ಮೂರಕ್ಕೆ ನಿಂತ್ರೆ ದೇವರ ಮುಂದಿನ ಗಂಡ ಹೆಂಡತಿ.

"ಕೆಂಪಂದರಾಗ ನಡುವ ಕಲ್ಲ ಐತಿ ನೋಡು," ಅಂತ ನನ್ನ ಬೆರಳಿಗೆ ಮುಟ್ಟಿಸಿದ್ಲು. "ಏನೂ ಕಾಣಲಿಲ್ಲಂದ್ರೂ ಹೆಬ್ಬೆರಳಿಗೆ ಹತ್ತತೈತಿ. ಬೊಟ್ಟ ತಿರುವು, ಒತ್ತು. ಕಣ್ಣಿನ ಕೆಲಸನ ಇಲ್ಲ."

ಆಷಾಢ ಪೂರ್ತಿ ದಿನಾ ಬೆಳಗಿನ ಜಾವ ಲಚ್ಚಿ ನಮ್ಮ ಮನೆಗೇ ಗೃಹಪ್ರವೇಶ ಮಾಡಿದ್ಲು. ಇಪ್ಪತ್ತೆಂಟು ಸಲ! ಅಷ್ಟು ಶುಭ ನಮ್ಮ ವಂಶದಲ್ಲೇ ಯಾರಿಗೂ ಆಗಿಲ್ಲ. ಹತ್ತನೇ ದಿನದಿಂದ ಅವಳೇ ಬಂದು ಬಾಗಿಲು ತಟ್ಟೋಳು. ಅಲ್ಲಿ ಅಕ್ಕ ಇನ್ನೊಂದು ಕಂಡುಹಿಡಿದ್ಲು. ನಾನು ಹದಿನಾಲ್ಕು ವರ್ಷದಿಂದ ಹಸು ಹಿಡಿದೋನು, ನನಗೇ ಗೊತ್ತಿರ್ಲಿಲ್ಲ. ಹೊಸಲು ಮುಟ್ಟಿದ ಮೇಲೆ ಲಚ್ಚಿ ಒಂದು ಗಳಿಗೆ ನಿಂತು ಆರತಿ ತಟ್ಟೆ ಅಕ್ಕಿ ವಾಸನೆ ಎಳ್ಕೋತಾಳೆ. ಸೊರ್ ಅಂತ. "ಆ ಸೊರ್ ಅನ್ನೂದ್ರಾಗ ಒತ್ತಬೇಕು. ಆವಾಗ ಆಕಿ ಅಲುಗಾಡೂದಿಲ್ಲ," ಅಂದ್ಲು ಅಕ್ಕ.

ಲೆನ್ಸ್ ರೆಡಿ, ಅಕ್ಕ ರೆಡಿ, ಅಯ್ನೋರು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ನಾನು ಹೋಗಿ ಕಾಲಿಗೆ ಬಿದ್ದೆ. ಕೇಳ್ಲಿಲ್ಲ. ಕೊನೆಗೆ ಒಂದು ಮಾತು ಹಾಕಿದೆ. "ಅಯ್ನೋರೇ, ಲಚ್ಚಿ ಈಗ ಅಕ್ಕನಿಗೆ ಒಗ್ಗಿಬಿಟ್ಟಿದಾಳೆ. ಅಕ್ಕ ಎದುರು ನಿಲ್ದಿದ್ರೆ ಹೊಸಲು ದಾಟಲ್ಲ." ಬಸವನಗುಡಿಯಿಂದ ಬಸವೇಶ್ವರನಗರದವರೆಗೆ ಮೆಟ್ಟಿಲು ಹತ್ತಿ ಮೂರನೇ ಮಹಡಿಗೆ ಹೋಗೋ ಹಸು ಲಚ್ಚಿ ಒಬ್ಬಳೇ ಅಂತ ಅಯ್ನೋರಿಗೆ ಗೊತ್ತು. ಕನ್ನಡಕದ ಮೇಲಿಂದ ನೋಡಿದ್ರು.

"ಒಂದು ಸಲ, ಮಹದೇವ. ಯಶೋದಮ್ಮನೋರ ಮನೆ. ಮಿಂಚು ಹೊಡೀತೋ, ಫೋಟೋ ಕೆಟ್ಟಿತೋ, ಆಮೇಲೆ ಆಕೆ ಹೆಸರು ನನ್ನ ಮುಂದೆ ಎತ್ಬಾರ್ದು."

ಈಗ ಗೊತ್ತಾಯ್ತಾ, ಆ ಕರೀ ಗ್ರಾನೈಟ್ ನೋಡಿ ಅಕ್ಕನ ಮುಖ ಯಾಕೆ ಬಿಳಿಚ್ಕೊಂಡಿತು ಅಂತ? ಒಂದು ತಿಂಗಳ ಕಲಿಕೆ ಪೂರಾ ಟೈಲ್ಸ್ ಮೇಲೆ ನಿಂತಿದೆ. ಇಲ್ಲಿ ಟೈಲ್ಸೇ ಇಲ್ಲ!

 ಒಳಗಿಂದ ಅಯ್ನೋರು, "ಇನ್ನು ಇಪ್ಪತ್ತೇ ನಿಮಿಷ" ಅಂತಾರೆ. ಅಕ್ಕ ಹೊಸಲ ಹತ್ರ ನಿಂತು, ಅಲ್ಲಿ ಹಾಕಿರೋ ರಂಗೋಲಿ ನೋಡ್ತಾಳೆ. ಒಂದು ಗಳಿಗೆ. ಆಮೇಲೆ ಸೆರಗು ಸಿಕ್ಕಿಸಿ, "ಯಶೋದಮ್ಮಾರ, ಆ ರಂಗೋಲಿ ಬಟ್ಟಲ ಕೊಡ್ರಿ ಇಲ್ಲಿ!" ಅಂತಾಳೆ.

ಅವಳ ಪಾದ ಮುಕ್ಕಾಲಡಿ. ಅದು ಅವಳಿಗೆ ಅಂಗಿ ಅಳತೆ ಟೇಪಿನಷ್ಟೇ ಪಕ್ಕಾ. ಹೊಸಲಿನಿಂದ ಹೆಜ್ಜೆಗೆ ಹೆಜ್ಜೆ ಅಂಟಿಸಿ ಎರಡೂ ಮುಕ್ಕಾಲು ಪಾದಕ್ಕೆ ಚೂರು ಕಮ್ಮಿ, ಅಂದ್ರೆ ಒಂದು ಟೈಲ್ಸಿನಷ್ಟು, ಅಳೆದು ಒಂದು ಬಿಳೀ ಚುಕ್ಕಿ. ಮತ್ತೆ ಅಳೆದು ಇನ್ನೊಂದು. ಹಾಲ್ ಉದ್ದಕ್ಕೂ ಸಾಲಾಗಿ ಐದು ಚುಕ್ಕಿ. ಅನುಮಾನ ಬರ್ಬಾರ್ದು ಅಂತ ಒಂದೊಂದು ಚುಕ್ಕಿ ಸುತ್ತ ನಾಲ್ಕು ಎಸಳು. ಯಶೋದಮ್ಮ ಮೂವತ್ತೊಂದು ವರ್ಷ ಆಸ್ಪತ್ರೇಲಿ ಆಯಾ ಕೆಲಸ ಮಾಡಿ ಕಟ್ಟಿದ ಮನೆ ಅದು. ಅವರು ಕೆನ್ನೆ ಮೇಲೆ ಕೈಯಿಟ್ಟು, "ಅಯ್ಯೋ, ಫೋಟೋದಮ್ಮ ರಂಗೋಲಿನೂ ಎಷ್ಟು ಚೆನ್ನಾಗಿ ಹಾಕ್ತಾರೆ!" ಅಂದ್ರು. ನಾನು ನಗು ನುಂಗ್ಕೊಂಡೆ.

ನಾಲ್ಕೂವರೆ. ಮೇಳದೋರು ಶುರು ಹಚ್ಕೊಂಡ್ರು. ನಾನು ಹಗ್ಗ ಸಡ್ಲ ಬಿಟ್ಟೆ. ಲಚ್ಚಿ ಗೇಟು ದಾಟಿದ್ಲು. ಅಷ್ಟೊತ್ತಿಗೆ ಹಿಂದ್ಗಡೆ ಅಡಿಗೆಯೋರು ಚಟ್ನಿಗೆ ಅಂತ ದೊಡ್ಡ ಗ್ರೈಂಡರ್ ಆನ್ ಮಾಡಿದ್ರು. ಮನೆಗೆ ಇನ್ನೂ ಟೆಂಪರರಿ ಕನೆಕ್ಷನ್ನು. ಢಬ್! ಎಲ್ಲಾ ಲೈಟು ಹೋಯ್ತು. ಸೀರಿಯಲ್ ಸೆಟ್ಟೂ ಹೋಯ್ತು.

ಕಗ್ಗತ್ತಲು. ಎರಡು ದೀಪದ ಕಂಬ, ಯಶೋದಮ್ಮನ ಕೈಲಿ ಆರತಿ ತಟ್ಟೆ, ಅಷ್ಟೇ ಬೆಳಕು. ನೆಂಟರೆಲ್ಲ ಮೊಬೈಲ್ ತೆಗೆದ್ರು, ಟಾರ್ಚ್ ಹಾಕೋಕೆ. ನಾನು ಬೀದಿ ಎದ್ದೇಳೋ ಹಂಗೆ ಅರಚಿದೆ, "ಯಾರೂ ಟಾರ್ಚ್ ಹಾಕ್ಬೇಡ್ರಪ್ಪೋ! ಹಸು ಓಡುತ್ತೆ!"

"ಮುಹೂರ್ತ ಮೀರುತ್ತೆ, ಬಿಡು ಒಳಕ್ಕೆ!" ಅಂತ ಅಯ್ನೋರು. ಪಕ್ಕದಲ್ಲಿದ್ದ ಯಾರೋ, "ಆಂಟಿ, ಫ್ಲ್ಯಾಶ್ ಹೊಡೀರಿ, ಏನೂ ಬರಲ್ಲ!" ಅಂದ.

ಅಕ್ಕ ನೆಲ ನೋಡಿದ್ಲು. ಕರೀ ನೆಲದ ಮೇಲೆ ಬಿಳೀ ಚುಕ್ಕಿ ಹೊಳೀತಾ ಇತ್ತು, ಟೈಲ್ಸ್ ಗೆರೆಗಿಂತ ಚೆನ್ನಾಗಿ! ಒಂದು, ಎರಡು, ಮೂರು, ನಾಲ್ಕು, ಐದು. ಐದನೇ ಚುಕ್ಕಿ ಮೇಲೆ ಬಲಗಾಲು ಊರಿದ್ಲು. ಹೆಬ್ಬೆರಳು ಬಳೆ ಮೇಲೆ ಹುಡುಕ್ತಾ ಹೋಗಿ ಒಂದು ಕಡೆ ನಿಂತಿತು. ಕಲ್ಲು ಸಿಕ್ತು ಅಂತ ನನಗೆ ಗೊತ್ತಾಯ್ತು.

ಲಚ್ಚಿ ಬಲಗಾಲು ಎತ್ತಿ, ಹೊಸಲು ದಾಟಿಸಿ, ಇಟ್ಲು. ನಿಂತ್ಲು. ಸೊರ್!

ಟಕ್.

ಇನ್ನೊಂದು ಟಕ್. ಮುಗೀತು. ಲಚ್ಚಿ ಸಲೀಸಾಗಿ ಒಳಗೆ ಹೋಗಿ ಅಡಿಗೆಮನೆ ನೋಡಿ ಒಪ್ಪಿಗೆ ಕೊಟ್ಟು, ಸೆಗಣಿ ಹಾಕಿ ಹೊರಗೆ ಬಂದ್ಲು. ಗೃಹಪ್ರವೇಶದಲ್ಲಿ ಅದು ಫಸ್ಟ್ ಕ್ಲಾಸ್ ಶಕುನ.

ಪೂಜೆ ಮುಗಿದ ಮೇಲೆ ಎಲ್ರೂ ಕ್ಯಾಮೆರಾ ಹಿಂದಿನ ಪರದೆ ಸುತ್ತ ಮುತ್ಕೊಂಡ್ರು. ಆ ಫೋಟೋ ನೀವು ನೋಡ್ಬೇಕಿತ್ತು! ಲಚ್ಚಿ ಮೂಗಿಂದ ಉಸಿರು ಹೊಗೆಯಾಗಿ ಬರ್ತಾ ಇದೆ. ಕಣ್ಣಲ್ಲಿ ಎರಡು ದೀಪ. ಪಕ್ಕದಲ್ಲಿ ಯಶೋದಮ್ಮ, ಮುಖದ ತುಂಬ ಆರತಿ ಬೆಳಕು. ಲಚ್ಚಿ ಆಗ್ಲೇ ನಾಲಿಗೆ ಚಾಚಿ ತಟ್ಟೆ ಅಕ್ಕಿಗೆ ಬಾಯಿ ಹಾಕಿದಾಳೆ, ಅದಕ್ಕೆ ಯಶೋದಮ್ಮ ನಗ್ತಾ ಇದಾರೆ. ಗೃಹಪ್ರವೇಶದ ಫೋಟೋದಲ್ಲಿ ಯಾರಾದ್ರೂ ನಗೋದು ನೋಡಿದೀರಾ? ಎಲ್ಲಾ ಪಾಸ್‌ಪೋರ್ಟ್ ಫೋಟೋಗೆ ನಿಂತಂಗೆ ನಿಲ್ತಾರೆ. ಯಶೋದಮ್ಮ ಪರದೆ ಮೇಲೆ ಬೆರಳಿಟ್ಟು, "ಇದು ನಾನೇನಾ?" ಅಂತ ಮೂರು ಸಲ ಕೇಳಿದ್ರು.

ಅಯ್ನೋರು ಬಂದ್ರು. ಕನ್ನಡಕ ಒರೆಸಿ ಹಾಕ್ಕೊಂಡು, ಕ್ಯಾಮೆರಾ ಕೈಗೆ ತಗೊಂಡು ನೋಡಿದ್ರು. ನೋಡಿದ್ರು, ನೋಡಿದ್ರು. ಅಷ್ಟರಲ್ಲಿ ಕರು ನನ್ನ ಪಂಚೆ ಅಂಚು ಅರ್ಧ ತಿಂದಿತ್ತು. ಆಮೇಲೆ ಒಂದೇ ಮಾತು.

"ಇದರಲ್ಲಿ ನಾನು ಯಾಕಿಲ್ಲ?"

ಅಕ್ಕ ತಲೆ ತಗ್ಗಿಸಿ ಅಂತಾಳೆ, "ನೀವು ಕಂಬದ ಹಿಂದ ನಿಂತಿದ್ರಿ ಸ್ವಾಮ್ಗಳ. ಮುಂದಿನ ಮನಿಯಾಗ ಹೊಸಲ ಹತ್ರ ನಿಂದರ್ರಿ, ಬರ್ತೀರಿ."

ಅಯ್ನೋರು ಕ್ಯಾಮೆರಾ ವಾಪಸ್ ಕೊಟ್ರು. ಪಂಚಾಂಗ ತೆಗೆದ್ರು. ಕೊನೇ ಪುಟ. ಗೀಟು ಹೊಡೆದ ನಂಬರ್ ಕೆಳಗೆ ಅದೇ ನಂಬರ್ ಮತ್ತೆ ಬರೆದ್ರು, ನೀಲಿ ಪೆನ್ನಲ್ಲಿ. "ಭಾನುವಾರ ಬಸವೇಶ್ವರನಗರ. ಐದು ಗಂಟೆ. ರಂಗೋಲಿ ಪುಡಿ ತರೋದು ಮರೀಬೇಡ," ಅಂದ್ರು. ಅಯ್ನೋರಿಗೆ ಆ ಚುಕ್ಕಿ ಗುಟ್ಟು ಯಾವಾಗ ಗೊತ್ತಾಯ್ತೋ!

ಆ ಶ್ರಾವಣ ಒಂದರಲ್ಲೇ ಅಕ್ಕ ಹದಿನಾಲ್ಕು ಮನೆ ತೆಗೆದ್ಲು. ಫ್ಲ್ಯಾಶ್ ಒಂದು ಸಲಾನೂ ಇಲ್ಲ. ಈಗ ಟೈಲ್ಸ್ ಇದ್ರೂ ಚುಕ್ಕಿ ಇಡ್ತಾಳೆ. ಮನೆಯೋರೆಲ್ಲ ಅದು ಶಾಸ್ತ್ರ ಅಂದ್ಕೊಂಡಿದಾರೆ. ಉಲ್ಲಾಳದಲ್ಲಿ ಒಬ್ಬರು, ಫೋಟೋದೋರು ಇಲ್ದೇನೇ ಐದು ಚುಕ್ಕಿ ಇಟ್ಟು ಕೈ ಮುಗಿದಿದಾರೆ, ನಾನೇ ಕಣ್ಣಾರೆ ನೋಡಿದೀನಿ.

ಹೋದ ವಾರ ಕೇಳಿದೆ, "ಅಕ್ಕ, ಈಗಂತೂ ಕೆಲಸ ಜೋರು. ಇನ್ನೇನು ಬೇಕು ನಿನಗೆ? ಹೊಸ ಲೆನ್ಸಾ, ದೊಡ್ಡ ಕ್ಯಾಮೆರಾನಾ?"

ಅಕ್ಕ ಲೆನ್ಸ್ ಒರೆಸ್ತಾ ನಕ್ಕಳು. "ಛೀ, ಇದು ನನ್ ಬೆರಳಿಗೆ ಹೊಂದೇತಿ, ಇದನ್ನ ಬಿಡೂದಿಲ್ಲ. ಒಂದ್ ಮುಚ್ಚಳ ಸಿಕ್ಕಿದ್ರ ಸಾಕು ನೋಡು. ಬಂದಾಗಿಂದ ಇದಕ್ಕ ಮುಚ್ಚಳ ಇಲ್ಲ. ಮಗಳ ಕಾಲುಚೀಲ ತೊಡಿಸೀನಿ. ಅಷ್ಟ ಛಲೋ ಗಾಜು, ಕಾಲುಚೀಲದಾಗ ಇಡೂದು ಮನಸಿಗೆ ಬರೂದಿಲ್ಲ. ಅಗಲ ಐವತ್ತೆರಡು ಎಂಎಂ ಇರಬೇಕು."

ಈಗ ನಿಮ್ಮ ಹತ್ರ ಬರ್ತೀನಿ. ನಿಮ್ಮ ಬೀರು ಮೇಲಿನ ಖಾನೇಲಿ, ಮದುವೆ ಸೀರೆ ಹಿಂದೆ, ಮೊಬೈಲ್ ಬಂದಾಗಿಂದ ಮುಟ್ಟದೇ ಇರೋ ಒಂದು ಹಳೇ ಕ್ಯಾಮೆರಾ ಇದೆ. ಇಲ್ಲ ಅನ್ಬೇಡಿ, ಇದೆ. ಅದರ ಮುಚ್ಚಳದ ಒಳಗಡೆ ಐವತ್ತೆರಡು ಅಂತ ಬರೆದಿದ್ಯಾ ನೋಡಿ, ಎದ್ದು ಈಗ್ಲೇ ನೋಡಿ. ಭಾನುವಾರ ನಿಮ್ಮ ಬೀದೀಲೇ ಬರ್ತೀನಿ. ಮುಚ್ಚಳ ಸಿಕ್ಲಿಲ್ಲ ಅಂದ್ರೂ ಪರವಾಗಿಲ್ಲ, ಲಚ್ಚಿ ನಿಮ್ಮ ಗೇಟಲ್ಲಿ ನಿಂತು ಕಾಯ್ತಾಳೆ. ಏಲಕ್ಕಿ ಬಾಳೆಹಣ್ಣು ಒಂದು ಚಿಪ್ಪು ರೆಡಿ ಇಟ್ಕೊಂಡಿರಿ, ಅದಿಲ್ದೇ ಅವಳು ಹಿಂದಕ್ಕೆ ಹೆಜ್ಜೆ ಇಡಲ್ಲ.